ಕ್ಲೀವ್‌ಲ್ಯಾಂಡ್ ಶಾಲಾ ಮಂಡಳಿ ಎರಡು ಸಲ ಸೋತಿದ್ದು

ಒಬ್ಬರನ್ನು ಕೆಲಸದಿಂದ ತೆಗೆಯೋ ಮೊದಲು ಅವರನ್ನು ಒಂದು ಮಾತು ಕೇಳಬೇಕೋ ಬೇಡವೋ?

"ಕೇಳ್ಬೇಕಪ್ಪ, ಇದರಲ್ಲಿ ಯೋಚನೆ ಮಾಡೋದೇನಿದೆ" ಅಂತ ನಮ್ಮೂರಿನ ಅರಳಿಕಟ್ಟೆ ಮೇಲೆ ಕೂತ ಯಾರಾದರೂ ಹೇಳಿಬಿಡ್ತಾರೆ. ಆದರೆ ಅಮೆರಿಕದ ಸುಪ್ರೀಂ ಕೋರ್ಟು "ಹೌದು, ತೆಗೆಯೋ ಮೊದಲೇ ಕೇಳಬೇಕು" ಅಂತ ಗೊಂದಲಕ್ಕೆ ಎಡೆಯಿಲ್ಲದ ಹಾಗೆ ಹೇಳಿದ್ದು 1985ರಲ್ಲಿ. ಅದೂ ಎಲ್ಲರಿಗೂ ಅಲ್ಲ, ಸರ್ಕಾರಿ ಕೆಲಸದಲ್ಲಿ ಖಾಯಂ ಆಗಿದ್ದವರಿಗೆ ಮಾತ್ರ. ಆ ಮಾತನ್ನು ಕೋರ್ಟಿನ ಬಾಯಿಂದ ಹೊರಡಿಸಿದ್ದು ಒಬ್ಬ ಸೆಕ್ಯುರಿಟಿ ಗಾರ್ಡ್. ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಅನ್ನೋ ಊರಿನ ಶಾಲಾ ಮಂಡಳಿಯಲ್ಲಿ ಕೆಲಸಕ್ಕಿದ್ದವನು.

ವಿಚಿತ್ರ ಅಂದರೆ ಇದೇ ಶಾಲಾ ಮಂಡಳಿ ಹನ್ನೊಂದು ವರ್ಷ ಮುಂಚೆ, 1974ರಲ್ಲಿ, ಇದೇ ಸುಪ್ರೀಂ ಕೋರ್ಟಿನಲ್ಲಿ ಇನ್ನೊಂದು ಕೇಸು ಸೋತಿತ್ತು. ಆ ಸಲ ಎದುರಿಗೆ ಇದ್ದವರು ಬಸುರಿ ಟೀಚರುಗಳು. ಎರಡೂ ತೀರ್ಪನ್ನು ಒಂದರ ಪಕ್ಕ ಒಂದು ಇಟ್ಟು ಓದಿದಾಗ ನನಗೆ ಅನ್ನಿಸಿದ್ದು, ಮಂಡಳಿ ಎರಡು ಸಲವೂ ಒಂದೇ ಕಾರಣಕ್ಕೆ ಸೋತಿದೆ. ಕೇಳಬೇಕಿತ್ತು, ಕೇಳಲಿಲ್ಲ.

ನಾನು ಲಾಯರ್ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯೋನು. ಆದರೆ ಕೋರ್ಟಿನ ತೀರ್ಪು ಓದೋ ಚಟ ಇದೆ. ನಾವು ದಿನಾ ಮಾಡೋ ಕೆಲಸಕ್ಕೂ ಅದಕ್ಕೂ ಅಂಥಾ ದೂರ ಏನಿಲ್ಲ: ಯಾರೋ ಯಾವಾಗಲೋ ಒಂದು ನಿಯಮ ಬರೆದಿಟ್ಟಿರ್ತಾರೆ, ಅವರು ಯೋಚಿಸಿರದ ಒಂದು ಸಂದರ್ಭ ಬಂದು ಅದು ಕುಸಿದು ಬೀಳುತ್ತೆ, ಆಮೇಲೆ ಇನ್ಯಾರೋ ಕೂತು ಎಲ್ಲಿ ತಪ್ಪಾಯ್ತು ಅಂತ ಹುಡುಕ್ತಾರೆ.

ಮೊದಲಿಗೆ ಒಂದು ಸಣ್ಣ ವಿವರಣೆ. ನಮ್ಮಲ್ಲಿ 'ಪಬ್ಲಿಕ್ ಸ್ಕೂಲ್' ಅಂತ ಬೋರ್ಡು ಹಾಕಿದ್ದರೆ ಫೀಸು ಲಕ್ಷದ ಲೆಕ್ಕದಲ್ಲಿದೆ ಅಂತ ಅರ್ಥ. ಅಮೆರಿಕದಲ್ಲಿ ಹಾಗಲ್ಲ, ಪಬ್ಲಿಕ್ ಸ್ಕೂಲ್ ಅಂದರೆ ತೆರಿಗೆ ದುಡ್ಡಿನಲ್ಲಿ ನಡೆಯೋ ಸರ್ಕಾರಿ ಶಾಲೆ. ಅದನ್ನು ನಡೆಸೋದು ನಮ್ಮ ಹಾಗೆ ರಾಜ್ಯದ ಶಿಕ್ಷಣ ಇಲಾಖೆ ಅಲ್ಲ, ಊರೂರಿನ ಶಾಲಾ ಮಂಡಳಿ. ಬಹಳ ಕಡೆ ಅದರ ಸದಸ್ಯರನ್ನು ಊರಿನವರೇ ಓಟು ಹಾಕಿ ಆರಿಸ್ತಾರೆ. ಇಂಥ ಶಾಲಾ ಜಿಲ್ಲೆಗಳು ದೇಶದಲ್ಲಿ ಸುಮಾರು 13 ಸಾವಿರ ಇವೆ. ಮೇಷ್ಟ್ರನ್ನು, ಬಸ್ ಡ್ರೈವರನ್ನು, ಅಡುಗೆಯವರನ್ನು, ಗಾರ್ಡನ್ನು ನೇಮಿಸೋದು, ಸಂಬಳ ಕೊಡೋದು, ತೆಗೆಯೋದು ಎಲ್ಲಾ ಈ ಮಂಡಳಿಗಳೇ. ಹಾಗಾಗಿ ಪ್ರತಿ ಮಂಡಳಿಗೂ ನೌಕರಿ ಕಾನೂನು ಗೊತ್ತಿರೋ ವಕೀಲರ ಅಗತ್ಯ ಬೀಳುತ್ತೆ. ಬರೀ ಶಾಲಾ ಮಂಡಳಿಗಳ ಪರವಾಗಿ ಇದೇ ಕೆಲಸ ಮಾಡೋ ವಕೀಲರೂ ಅಲ್ಲಿದ್ದಾರೆ.

ಧಣಿ ಮತ್ತು ಆಳು

ಈ ಕಥೆಯ ಬುಡದಲ್ಲಿ ಅಮೆರಿಕದ ಒಂದು ಹಳೇ ನಿಯಮ ಇದೆ. ಅಲ್ಲಿರೋ ನಮ್ಮವರಿಗೆ ಇದು ಚೆನ್ನಾಗಿ ಗೊತ್ತು, ಆಫರ್ ಲೆಟರಿನಲ್ಲೇ ಬರೆದಿರುತ್ತೆ: 'ಎಂಪ್ಲಾಯ್‌ಮೆಂಟ್ ಅಟ್ ವಿಲ್'. ಇಷ್ಟ ಇದ್ದಷ್ಟು ದಿನ ಕೆಲಸ. ನೀವೂ ಯಾವತ್ತು ಬೇಕಾದ್ರೂ ಬಿಡಬಹುದು, ಅವರೂ ಯಾವತ್ತು ಬೇಕಾದ್ರೂ ತೆಗೆಯಬಹುದು, ಕಾರಣ ಹೇಳಬೇಕಾಗಿಲ್ಲ.

1877ರಲ್ಲಿ ಹೊರೇಸ್ ವುಡ್ ಅನ್ನೋ ವಕೀಲ ಧಣಿ-ಆಳುಗಳ ಕಾನೂನಿನ ಬಗ್ಗೆ ಒಂದು ದಪ್ಪ ಪುಸ್ತಕ ಬರೆದ. ಇಷ್ಟು ಅವಧಿಗೆ ಅಂತ ಗೊತ್ತು ಮಾಡದೆ ಒಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡರೆ ಅದನ್ನು ಯಾವಾಗ ಬೇಕಾದರೂ ಮುಗಿಸಬಹುದು ಅಂತ ಅದರಲ್ಲಿ ಹೇಳಿದ. ಅವನು ಆಧಾರ ಅಂತ ಕೊಟ್ಟ ಕೇಸುಗಳು ಆ ಮಾತನ್ನು ನಿಜವಾಗಿ ಹೇಳೋದೇ ಇಲ್ಲ ಅಂತ ಆಮೇಲೆ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಆದರೆ ಅಷ್ಟು ಹೊತ್ತಿಗೆ ಕೋರ್ಟುಗಳು ಅದನ್ನೇ ಹಿಡಿದುಕೊಂಡಾಗಿತ್ತು. 1884ರಲ್ಲಿ ಟೆನೆಸಿ ರಾಜ್ಯದಲ್ಲಿ ಒಂದು ಕೇಸು ಬಂತು. ಇಂಥವನ ಅಂಗಡಿಯಲ್ಲಿ ಸಾಮಾನು ಕೊಂಡವರನ್ನು ಕೆಲಸದಿಂದ ತೆಗೀತೀವಿ ಅಂತ ರೈಲ್ವೆ ಕಂಪನಿಯವರು ಹೇಳಿದ್ದರು, ಅಂಗಡಿಯವನು ಕೋರ್ಟಿಗೆ ಹೋದ. ಕೋರ್ಟು ಕಂಪನಿ ಪರ ನಿಂತಿತು. ಒಳ್ಳೇ ಕಾರಣಕ್ಕೆ ತೆಗೀಬಹುದು, ಕಾರಣ ಇಲ್ಲದೆ ತೆಗೀಬಹುದು, ನೀತಿ ದೃಷ್ಟಿಯಿಂದ ಕೆಟ್ಟದಾದ ಕಾರಣಕ್ಕೂ ತೆಗೀಬಹುದು ಅನ್ನೋದು ಅದರ ತಾತ್ಪರ್ಯ.

ಸರ್ಕಾರಿ ನೌಕರಿಯಾದರೂ ಬೇರೆ ಇತ್ತಾ? ಇಲ್ಲ. 1892ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ರಾಜಕೀಯದ ಕಾರಣಕ್ಕೆ ಕೆಲಸ ಕಳೆದುಕೊಂಡ ಒಬ್ಬ ಪೊಲೀಸಿನವನು ಕೋರ್ಟಿಗೆ ಬಂದ. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ ಬಹಳ ಹೆಸರು ಮಾಡಿದ ಆಲಿವರ್ ವೆಂಡೆಲ್ ಹೋಮ್ಸ್ ಆಗ ಆ ರಾಜ್ಯದ ನ್ಯಾಯಾಧೀಶರು. ರಾಜಕೀಯ ಮಾತಾಡೋಕೆ ನಿನಗೆ ಹಕ್ಕು ಇರಬಹುದು, ಪೊಲೀಸನಾಗಿರೋಕೆ ಹಕ್ಕಿಲ್ಲ ಅಂತ ಅವರು ತೀರ್ಪು ಕೊಟ್ಟರು. ಕೆಲಸ ಅನ್ನೋದು ಸರ್ಕಾರ ಕೊಡೋ ಪ್ರಸಾದ, ಕೊಟ್ಟವರು ವಾಪಸ್ ತಗೋಬಹುದು ಅನ್ನೋ ಲೆಕ್ಕ.

ಇದರಿಂದ ಶಾಲೆಗಳು ಪಟ್ಟ ಪಾಡು ಊಹಿಸಬಹುದು. ಊರಿನ ರಾಜಕೀಯ ಬದಲಾದ ಹಾಗೆ ಮೇಷ್ಟ್ರುಗಳೂ ಬದಲಾಗ್ತಿದ್ದರು. ಎಷ್ಟೋ ಮಂಡಳಿಗಳಲ್ಲಿ ಹೆಂಗಸರು ಮದುವೆಯಾದ ತಕ್ಷಣ ಕೆಲಸ ಬಿಡಬೇಕು ಅನ್ನೋ ನಿಯಮ ಇತ್ತು. ಇದಕ್ಕೆಲ್ಲ ಒಂದು ತಡೆ ಇರಲಿ ಅಂತ 1909ರಲ್ಲಿ ನ್ಯೂಜೆರ್ಸಿ ರಾಜ್ಯ ಶಾಲಾ ಶಿಕ್ಷಕರಿಗೆ 'ಟೆನ್ಯೂರ್' ಅಂದರೆ ಖಾಯಮಾತಿ ಕೊಡೋ ಕಾನೂನು ಮಾಡಿತು. ನಿಧಾನಕ್ಕೆ ಬೇರೆ ರಾಜ್ಯಗಳೂ ಮಾಡಿದವು. ಸರಿಯಾದ ಕಾರಣ ಇಲ್ಲದೆ ತೆಗೆಯೋ ಹಾಗಿಲ್ಲ ಅಂತಾಯ್ತು. ಆದರೆ ಕಾರಣ ಸರಿ ಇದೆಯೋ ಇಲ್ಲವೋ ಅಂತ ಯಾರು, ಯಾವಾಗ ನೋಡಬೇಕು? ಅದೇ ಮುಂದಿನ ಜಗಳ.

ಮೊದಲನೇ ಸೋಲು: ಐದು ತಿಂಗಳ ನಿಯಮ

ಕ್ಲೀವ್‌ಲ್ಯಾಂಡ್ ಮಂಡಳಿ 1952ರಲ್ಲಿ ಒಂದು ನಿಯಮ ಮಾಡಿತ್ತು. ಬಸುರಿಯಾದ ಟೀಚರು ಹೆರಿಗೆಗೆ ಇನ್ನೂ ಐದು ತಿಂಗಳು ಇರುವಾಗಲೇ ಸಂಬಳವಿಲ್ಲದ ರಜೆ ಮೇಲೆ ಹೋಗಬೇಕು. ಮಗುವಿಗೆ ಮೂರು ತಿಂಗಳು ತುಂಬಿ, ಅದಾದ ಮೇಲೆ ಬರೋ ಹೊಸ ಸೆಮಿಸ್ಟರ್ ತನಕ ವಾಪಸ್ ಬರೋ ಹಾಗಿಲ್ಲ. ಬಂದಾಗಲೂ ಕೆಲಸ ಸಿಕ್ಕೇ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ರಜೆಗೆ ಹೋಗದಿದ್ದರೆ ವಜಾ.

ಜೋ ಕೆರೋಲ್ ಲಾಫ್ಲೂರ್ ಅಲ್ಲಿ ಜೂನಿಯರ್ ಹೈಸ್ಕೂಲ್ ಟೀಚರು. ಅವರ ಹೆರಿಗೆ 1971ರ ಜುಲೈ ಕೊನೆಗೆ. ಅಷ್ಟು ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ. ಅಂದರೆ ಅವರು ಆ ವರ್ಷದ ಪಾಠ ಪೂರ್ತಿ ಮುಗಿಸಿ ಆರಾಮಾಗಿ ಮನೆಗೆ ಹೋಗಬಹುದಿತ್ತು, ಅವರು ಕೇಳಿದ್ದೂ ಅಷ್ಟೇ. ಮಂಡಳಿ ಒಪ್ಪಲಿಲ್ಲ. ಮಾರ್ಚ್ ತಿಂಗಳಲ್ಲೇ ಅವರನ್ನು ಹೊರಗೆ ಕಳಿಸಿತು. ಮಕ್ಕಳು ವರ್ಷದ ಕೊನೆಯ ತಿಂಗಳುಗಳನ್ನು ಬೇರೆ ಟೀಚರ ಹತ್ತಿರ ಕಲಿಯಬೇಕಾಯ್ತು. ಇನ್ನೊಬ್ಬ ಟೀಚರಿಗೂ ಅದೇ ಗತಿ. ವರ್ಜೀನಿಯಾ ರಾಜ್ಯದ ಚೆಸ್ಟರ್‌ಫೀಲ್ಡ್ ಕೌಂಟಿಯಲ್ಲೂ ಇಂಥದೇ ಒಂದು ನಿಯಮ ಇತ್ತು, ಅಲ್ಲಿ ಗಡುವು ನಾಲ್ಕು ತಿಂಗಳು. ಅಲ್ಲಿಯ ಕೇಸನ್ನೂ ಸೇರಿಸಿ ಸುಪ್ರೀಂ ಕೋರ್ಟು ಒಟ್ಟಿಗೆ ವಿಚಾರಣೆ ಮಾಡಿತು.

ಮಂಡಳಿಯ ವಕೀಲರು ಕೊಟ್ಟ ಕಾರಣ ಎರಡು. ಒಂದು, ಪಾಠ ಮಧ್ಯದಲ್ಲಿ ನಿಲ್ಲಬಾರದು. ಎರಡು, ಬಸುರಿಗೆ ತ್ರಾಣ ಇರಲ್ಲ, ಅವಳಿಗೂ ಮಗುವಿಗೂ ತೊಂದರೆ. ಆದರೆ ನಿಯಮ ಮಾಡಿದಾಗ ಇದ್ದ ಸೂಪರಿಂಟೆಂಡೆಂಟರು ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಇನ್ನೊಂದು ಕಾರಣವನ್ನೂ ಹೊರಗೆ ಹಾಕಿದರು. ಹೊಟ್ಟೆ ಕಾಣೋ ಟೀಚರನ್ನು ನೋಡಿ ಮಕ್ಕಳು ಕಿಸಿಕಿಸಿ ನಗ್ತಾರೆ, ಆ ಮುಜುಗರ ತಪ್ಪಿಸೋಣ ಅಂತಾನೂ ಈ ನಿಯಮ ಮಾಡಿದ್ವಿ ಅಂತ!

1974ರ ಜನವರಿ 21ರಂದು ತೀರ್ಪು ಬಂತು. ಒಂಬತ್ತರಲ್ಲಿ ಏಳು ನ್ಯಾಯಾಧೀಶರು ಟೀಚರುಗಳ ಪರ. ಬಹುಮತದ ತೀರ್ಪು ಬರೆದವರು ಪಾಟರ್ ಸ್ಟೀವರ್ಟ್. ಪಾಠ ಮಧ್ಯದಲ್ಲಿ ನಿಲ್ಲಬಾರದು ಅನ್ನೋದು ಸರಿಯೇ, ಆದರೆ ನಿಮ್ಮ ನಿಯಮವೇ ಅದನ್ನು ಮಧ್ಯದಲ್ಲಿ ನಿಲ್ಲಿಸ್ತಾ ಇದೆಯಲ್ಲ ಅಂತ ಕೋರ್ಟು ಕೇಳಿತು. ಮುಖ್ಯವಾದ ಮಾತು ಅಂದರೆ, ಐದನೇ ತಿಂಗಳಾದ ಮೇಲೆ ಯಾವ ಹೆಂಗಸೂ ಪಾಠ ಮಾಡಲಾರಳು ಅಂತ ನೀವು ಮೊದಲೇ ತೀರ್ಮಾನ ಮಾಡಿಕೊಂಡಿದ್ದೀರಿ. ಈ ಟೀಚರಿಗೆ ಆಗುತ್ತೋ ಇಲ್ಲವೋ ಅಂತ ಅವಳನ್ನೂ ಕೇಳಿಲ್ಲ, ಅವಳ ಡಾಕ್ಟರನ್ನೂ ಕೇಳಿಲ್ಲ. ಅವಳ ಡಾಕ್ಟರು ಗಟ್ಟಿಮುಟ್ಟಾಗಿದ್ದಾಳೆ ಅಂತ ಬರೆದುಕೊಟ್ಟರೂ ನಿಮ್ಮ ನಿಯಮದಲ್ಲಿ ಅದಕ್ಕೆ ಬೆಲೆ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇನ್‌ಪುಟ್ ತಗೋಬೇಕಾದ ಕಡೆ ಹಾರ್ಡ್‌ಕೋಡ್ ಮಾಡಿಟ್ಟಿದ್ದರು.

ಇದನ್ನು ಓದಿ 'ಅಮೆರಿಕದಲ್ಲೂ ಹಿಂಗಾ' ಅಂತ ಮೂಗು ಮುರಿಯೋ ಮುಂಚೆ ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮನವರನ್ನು ನೆನೆಸಿಕೊಳ್ಳಬೇಕು. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದಲ್ಲಿ ಹೆಣ್ಣುಮಕ್ಕಳು ಮದುವೆಗೆ ಮೊದಲು ಸರ್ಕಾರದ ಒಪ್ಪಿಗೆ ತಗೋಬೇಕಿತ್ತು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅಂತ ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೊಡಿ ಅನ್ನಬಹುದಿತ್ತು. ಬಡ್ತಿ ತಪ್ಪಿಸಿದ್ದಕ್ಕೆ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೀತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು. ಆದರೂ 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಎತ್ತಿಕೊಂಡು ಸರಿಯಾಗಿ ಜಾಡಿಸಿದರು. ಅಲ್ಲೂ ಅದೇ: ಈ ಮನುಷ್ಯಳು ಹೇಗೆ ಕೆಲಸ ಮಾಡ್ತಾಳೆ ಅಂತ ನೋಡೋ ಮೊದಲೇ, ಹೆಂಗಸು ಅಂದ ಮೇಲೆ ಹೀಗೇ ಅಂತ ತೀರ್ಮಾನ.

ಕೆಲಸ ಆಸ್ತಿಯೇ?

ಕ್ಲೀವ್‌ಲ್ಯಾಂಡಿಗೆ ವಾಪಸ್ ಹೋಗೋ ಮೊದಲು ಒಂದು ಕಾನೂನಿನ ತೊಡಕು ಬಿಡಿಸಿಕೊಳ್ಳೋಣ. 1868ರಲ್ಲಿ ಅಮೆರಿಕದ ಸಂವಿಧಾನಕ್ಕೆ 14ನೇ ತಿದ್ದುಪಡಿ ಬಂತು. ಸರಿಯಾದ ಕಾನೂನು ಕ್ರಮ ಅನುಸರಿಸದೆ ಯಾವ ರಾಜ್ಯವೂ ಒಬ್ಬರ ಜೀವ, ಸ್ವಾತಂತ್ರ್ಯ, ಆಸ್ತಿ ಕಿತ್ತುಕೊಳ್ಳಬಾರದು ಅಂತ ಅದು ಹೇಳುತ್ತೆ. ಶಾಲಾ ಮಂಡಳಿ ರಾಜ್ಯದ ಒಂದು ಅಂಗ, ಹಾಗಾಗಿ ಅದಕ್ಕೂ ಇದು ಅನ್ವಯ. ಆದರೆ ಕೆಲಸ ಅನ್ನೋದು ಆಸ್ತಿ ಹೇಗಾಗುತ್ತೆ? ಪಹಣಿ ಇಲ್ಲ, ಖಾತೆ ಇಲ್ಲ, ಮಾರೋಕಾಗಲ್ಲ, ಮಕ್ಕಳಿಗೆ ಪಾಲು ಮಾಡೋಕಾಗಲ್ಲ.

1964ರಲ್ಲಿ ಚಾರ್ಲ್ಸ್ ರೈಶ್ ಅನ್ನೋ ಯೇಲ್ ಪ್ರೊಫೆಸರು 'ಹೊಸ ಆಸ್ತಿ' ಅಂತ ಒಂದು ಲೇಖನ ಬರೆದರು. ಈ ಕಾಲದಲ್ಲಿ ಜನ ಬದುಕೋದು ಹೊಲ ಮನೆ ನಂಬಿಕೊಂಡಲ್ಲ. ಸರ್ಕಾರಿ ಕೆಲಸ, ಲೈಸೆನ್ಸು, ಪಿಂಚಣಿ ಇವನ್ನು ನಂಬಿಕೊಂಡು. ಇವಕ್ಕೂ ಆಸ್ತಿಗೆ ಇರೋ ರಕ್ಷಣೆ ಬೇಕು ಅನ್ನೋದು ಅವರ ವಾದ. 1972ರಲ್ಲಿ ಸುಪ್ರೀಂ ಕೋರ್ಟು ಇದನ್ನು ಅರ್ಧ ಒಪ್ಪಿಕೊಂಡಿತು. ಒಂದೇ ದಿನ ಎರಡು ತೀರ್ಪು. ವಿಸ್ಕಾನ್ಸಿನ್‌ನಲ್ಲಿ ಒಂದು ವರ್ಷದ ಕರಾರಿನ ಮೇಲೆ ಪಾಠ ಮಾಡ್ತಿದ್ದ ರಾತ್ ಅನ್ನೋ ಅಧ್ಯಾಪಕನಿಗೆ, ನಿನ್ನದು ಆಸ್ತಿ ಅಲ್ಲ, ವರ್ಷ ಮುಗೀತು, ಕರಾರೂ ಮುಗೀತು ಅಂತು. ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಹತ್ತು ವರ್ಷ ದುಡಿದಿದ್ದ ಸಿಂಡರ್‌ಮನ್‌ಗೆ, ಕೆಲಸ ಮುಂದುವರಿಯುತ್ತೆ ಅಂತ ನಂಬೋಕೆ ಕಾಲೇಜೇ ಆಧಾರ ಕೊಟ್ಟಿದ್ದರೆ ಅದೂ ಆಸ್ತಿಯೇ, ಅದನ್ನು ಸಾಬೀತು ಮಾಡೋಕೆ ನಿನಗೆ ಅವಕಾಶ ಸಿಗಬೇಕು ಅಂತು. ಅಂದರೆ ನಂಬಿಕೊಳ್ಳೋಕೆ ಕಾನೂನೋ ಕರಾರೋ ಒಂದು ಆಧಾರ ಕೊಟ್ಟಿದ್ದರೆ ಕೆಲಸ ಆಸ್ತಿ. ಬರೀ ಆಸೆ ಇದ್ದರೆ ಅಲ್ಲ.

ಆದರೆ 1974ರಲ್ಲಿ, ಟೀಚರುಗಳು ಗೆದ್ದ ಮೂರೇ ತಿಂಗಳಿಗೆ, ಗಾಳಿ ಬೇರೆ ಕಡೆ ಬೀಸಿತು. ಒಬ್ಬ ಕೇಂದ್ರ ಸರ್ಕಾರಿ ನೌಕರ ತನ್ನ ಮೇಲಧಿಕಾರಿ ಮೇಲೆ ಲಂಚದ ಆರೋಪ ಮಾಡಿದ್ದ. ಅವನನ್ನು ತೆಗೆದುಹಾಕಿದ್ದು ಅದೇ ಮೇಲಧಿಕಾರಿ! ಮೊದಲು ಬೇರೆಯವರ ಮುಂದೆ ವಿಚಾರಣೆ ಆಗಬೇಕಿತ್ತು ಅಂತ ನೌಕರ ಕೇಳಿದ, ಸೋತ. ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ವಾದ ಹೀಗೆ: ಕೆಲಸದ ಭದ್ರತೆ ಕೊಟ್ಟಿದ್ದೂ ಅದೇ ಕಾನೂನು, ತೆಗೆಯೋ ವಿಧಾನ ಹೇಳಿದ್ದೂ ಅದೇ ಕಾನೂನು. ಎರಡನ್ನೂ ಒಟ್ಟಿಗೇ ನುಂಗಬೇಕು. ನಮ್ಮ ಯುಗಾದಿ ಲೆಕ್ಕದಲ್ಲಿ ಹೇಳಿದರೆ ಬೆಲ್ಲ ಬೇಕಾದವನು ಬೇವನ್ನೂ ತಿನ್ನಬೇಕು. ಆದರೆ ಈ ಬೇವು-ಬೆಲ್ಲದ ವಾದಕ್ಕೆ ಪೂರ್ತಿ ಬಹುಮತ ಸಿಕ್ಕಿರಲಿಲ್ಲ, ಒಂಬತ್ತು ಜನರಲ್ಲಿ ಮೂವರು ಮಾತ್ರ ಅದನ್ನು ಒಪ್ಪಿದ್ದರು. ಹಾಗಾಗಿ ಬಾಗಿಲು ಅರ್ಧ ತೆರೆದೇ ಇತ್ತು.

ಎರಡನೇ ಸೋಲು: ಅರ್ಜಿಯಲ್ಲಿ ಒಂದು ಉತ್ತರ

1979ರ ಸೆಪ್ಟೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಮಂಡಳಿ ಲೌಡರ್ಮಿಲ್ ಅನ್ನೋನನ್ನು ಸೆಕ್ಯುರಿಟಿ ಗಾರ್ಡ್ ಅಂತ ನೇಮಿಸಿತು. ಕೆಲಸದ ಅರ್ಜಿಯಲ್ಲಿ ಒಂದು ಪ್ರಶ್ನೆ, 'ಫೆಲನಿ' ಅಂದರೆ ದೊಡ್ಡ ಅಪರಾಧದಲ್ಲಿ ನಿನಗೆ ಶಿಕ್ಷೆ ಆಗಿದೆಯೇ? ಇಲ್ಲ ಅಂತ ಬರೆದಿದ್ದ. ಹನ್ನೊಂದು ತಿಂಗಳು ಕಳೆದ ಮೇಲೆ ಮಾಮೂಲಿ ತಪಾಸಣೆಯಲ್ಲಿ, 1968ರಲ್ಲಿ ಒಂದು ಕಳ್ಳತನದ ಕೇಸಿನಲ್ಲಿ ಅವನಿಗೆ ಶಿಕ್ಷೆ ಆಗಿದ್ದು ಮಂಡಳಿಗೆ ಗೊತ್ತಾಯ್ತು. ಕಾನೂನಿನ ಲೆಕ್ಕದಲ್ಲಿ ಅದು ಫೆಲನಿ. 1980ರ ನವೆಂಬರ್ 3ರಂದು ಒಂದು ಕಾಗದ ಬಂತು. ನೀನು ಅಪ್ರಾಮಾಣಿಕ, ಅರ್ಜಿಯಲ್ಲಿ ಸುಳ್ಳು ಬರೆದಿದ್ದೀಯ, ನಿನ್ನನ್ನು ವಜಾ ಮಾಡಿದ್ದೇವೆ.

ಅಷ್ಟೇ. ಯಾಕಪ್ಪಾ ಹೀಗೆ ಬರೆದೆ ಅಂತ ಯಾರೂ ಕೇಳಲಿಲ್ಲ.

ಕೇಳಿದ್ದರೆ ಅವನ ಹತ್ತಿರ ಒಂದು ಉತ್ತರ ಇತ್ತು. ಅಲ್ಲಿ ಅಪರಾಧಗಳಲ್ಲಿ ಎರಡು ಜಾತಿ. ದೊಡ್ಡದು ಫೆಲನಿ, ಚಿಕ್ಕದು ಮಿಸ್‌ಡಿಮೀನರ್. ತನಗೆ ಶಿಕ್ಷೆ ಆಗಿದ್ದು ಚಿಕ್ಕ ಅಪರಾಧಕ್ಕೆ ಅಂತ ತಾನು ತಿಳಿದುಕೊಂಡಿದ್ದೆ, ಅದಕ್ಕೇ 'ಇಲ್ಲ' ಅಂತ ಬರೆದೆ ಅಂದ. ನಿಜವೋ ಸುಳ್ಳೋ, ನಂಬೋದು ಬಿಡೋದು ಆಮೇಲಿನ ಮಾತು. ಆದರೆ ತಪ್ಪು ತಿಳಿದವನಿಗೂ ಸುಳ್ಳು ಹೇಳಿದವನಿಗೂ ಬಹಳ ವ್ಯತ್ಯಾಸ ಇದೆ. ಆ ವ್ಯತ್ಯಾಸ ಕಡತದಲ್ಲಿ ಕಾಣಲ್ಲ. ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರೆ ಮಾತ್ರ ಕಾಣುತ್ತೆ.

ಓಹಾಯೋ ಕಾನೂನಿನ ಪ್ರಕಾರ ಅವನದು ಖಾಯಂ ನೌಕರಿ, ಸರಿಯಾದ ಕಾರಣ ಇಲ್ಲದೆ ತೆಗೆಯೋ ಹಾಗಿಲ್ಲ. ತೆಗೆದ ಮೇಲೆ ಸಿವಿಲ್ ಸರ್ವಿಸ್ ಕಮಿಷನ್ನಿಗೆ ಮೇಲ್ಮನವಿ ಹಾಕಬಹುದು. ಹಾಕಿದ. 1981ರ ಜನವರಿಯಲ್ಲಿ ವಿಚಾರಣೆ ಮಾಡಿದ ರೆಫರಿ, ಇವನನ್ನು ವಾಪಸ್ ತಗೊಳ್ಳಿ ಅಂತ ಶಿಫಾರಸು ಮಾಡಿದ. ಜುಲೈನಲ್ಲಿ ಕಮಿಷನ್ ಆ ಶಿಫಾರಸನ್ನು ಪಕ್ಕಕ್ಕಿಟ್ಟು ವಜಾ ಮಾಡಿದ್ದೇ ಸರಿ ಅಂತು. ಅಷ್ಟರಲ್ಲಿ ಸುಮಾರು ಒಂಬತ್ತು ತಿಂಗಳು ಆಗಿತ್ತು. ಮೊದಲು ತೆಗೆದು ಒಂಬತ್ತು ತಿಂಗಳಾದ ಮೇಲೆ ಕೇಳೋದು ಎಂಥಾ ಕೇಳೋದು ಅಂತ ಅವನು ಫೆಡರಲ್ ಕೋರ್ಟಿಗೆ ಹೋದ. ಪಕ್ಕದ ಪಾರ್ಮಾ ಊರಿನ ಶಾಲಾ ಮಂಡಳಿಯ ಒಬ್ಬ ಬಸ್ ಮೆಕ್ಯಾನಿಕ್‌ನ ಕೇಸೂ ಇದರ ಜೊತೆ ಸೇರಿತು. ಕಣ್ಣಿನ ಪರೀಕ್ಷೆಯಲ್ಲಿ ಫೇಲ್ ಆದ ಅಂತ 1977ರಲ್ಲಿ ಅವನನ್ನು ತೆಗೆದಿದ್ದರು. ಆಮೇಲೆ ಕಮಿಷನ್ ಅವನನ್ನು ವಾಪಸ್ ತಗೊಳ್ಳಿ ಅಂದರೂ, ಮಧ್ಯದ ಸಂಬಳ ಕೊಡಿಸಿರಲಿಲ್ಲ.

1985ರ ಮಾರ್ಚ್ 19ರಂದು ಸುಪ್ರೀಂ ಕೋರ್ಟಿನ ತೀರ್ಪು. ಬರೆದವರು ಬೈರನ್ ವೈಟ್. ಬೇವು-ಬೆಲ್ಲದ ವಾದ ಇನ್ನು ನಡೆಯಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ಕೆಲಸದ ಭದ್ರತೆ ಕೊಡಬೇಕೋ ಬೇಡವೋ ಅಂತ ರಾಜ್ಯ ತೀರ್ಮಾನ ಮಾಡಲಿ. ಆದರೆ ಒಂದು ಸಲ ಕೊಟ್ಟ ಮೇಲೆ ಅದನ್ನು ಕಿತ್ತುಕೊಳ್ಳೋ ಕ್ರಮ ಹೇಗಿರಬೇಕು ಅಂತ ಹೇಳೋದು ಸಂವಿಧಾನ, ರಾಜ್ಯ ಅಲ್ಲ. ರೆನ್‌ಕ್ವಿಸ್ಟ್ ಒಬ್ಬರೇ ಭಿನ್ನಮತ ಬರೆದರು.

ಯಾಕೆ ಮೊದಲೇ ಕೇಳಬೇಕು ಅನ್ನೋದಕ್ಕೆ ಕೋರ್ಟು ಕೊಟ್ಟ ಕಾರಣಗಳು ನನಗೆ ಬಹಳ ಹಿಡಿಸಿದವು. ಕೆಲಸ ಹೋದರೆ ಅನ್ನ ಹೋಗುತ್ತೆ. ವಜಾ ಆದವನಿಗೆ ಇನ್ನೊಂದು ಕೆಲಸ ಬೇಗ ಸಿಗಲ್ಲ, 'ಅಲ್ಲಿಂದ ಯಾಕೆ ಬಿಟ್ಟೆ' ಅನ್ನೋ ಪ್ರಶ್ನೆ ಬೆನ್ನು ಹತ್ತುತ್ತೆ. ಇನ್ನೊಂದು, ಏನು ನಡೀತು ಅನ್ನೋದರ ಬಗ್ಗೆಯೇ ಎಷ್ಟೋ ಸಲ ಜಗಳ ಇರುತ್ತೆ. ನಡೆದಿದ್ದು ಸ್ಪಷ್ಟ ಇದ್ದರೂ ಅದಕ್ಕೆ ಕೆಲಸದಿಂದಲೇ ತೆಗೀಬೇಕಾ ಅನ್ನೋದು ಸ್ಪಷ್ಟ ಇರಲ್ಲ. ಮನಸ್ಸು ಬದಲಾಯಿಸೋಕೆ ಅವಕಾಶ ಇರೋದು ತೆಗೆಯೋ ಮೊದಲು ಮಾತ್ರ. ಜೊತೆಗೆ, ಕೆಲಸ ಬಲ್ಲವನನ್ನು ಉಳಿಸಿಕೊಳ್ಳೋದು ಹೊಸಬನನ್ನು ತಂದು ಕಲಿಸೋದಕ್ಕಿಂತ ಮಂಡಳಿಗೂ ಲಾಭವೇ.

ಕೇಳಿದ್ದಾದರೂ ಎಷ್ಟು? ದೊಡ್ಡ ವಿಚಾರಣೆ ಬೇಡ, ಸಾಕ್ಷಿಗಳ ಮೆರವಣಿಗೆ ಬೇಡ. ಮೂರೇ ಮೂರು: ನಿನ್ನ ಮೇಲೆ ಇಂಥ ಆರೋಪ ಇದೆ ಅಂತ ಬಾಯಲ್ಲೋ ಬರವಣಿಗೆಯಲ್ಲೋ ತಿಳಿಸಿ. ನಮ್ಮ ಹತ್ತಿರ ಇರೋ ಆಧಾರ ಇದು ಅಂತ ಹೇಳಿ. ನಿನ್ನ ಕಡೆಯ ಮಾತು ಏನು ಅಂತ ಕೇಳಿ. ಅವನು ಅಲ್ಲಿರೋದೇ ಅಪಾಯ ಅಂತ ಅನ್ನಿಸಿದರೆ ಸಂಬಳ ಕೊಟ್ಟು ಮನೆಯಲ್ಲಿ ಕೂರಿಸಿ, ಆದರೆ ತೆಗೆಯೋ ಮೊದಲು ಕೇಳಿ.

ವಕೀಲರ ಕೆಲಸ ಬದಲಾಗಿದ್ದು

ಅವತ್ತಿಂದ ಶಾಲಾ ಮಂಡಳಿಗಳ ವಕೀಲರ ನಿಘಂಟಿಗೆ ಒಂದು ಹೊಸ ಪದ ಸೇರಿತು, 'ಲೌಡರ್ಮಿಲ್ ಹಿಯರಿಂಗ್'. ಇವತ್ತಿಗೂ ಅಮೆರಿಕದ ಸರ್ಕಾರಿ ನೌಕರರು ಇದನ್ನು ಇದೇ ಹೆಸರಿನಲ್ಲಿ ಕರೀತಾರೆ. ಸಾಮಾನ್ಯವಾಗಿ ನಾವು ಮಾಲೀಕರ ಪರ ವಕೀಲ ಅಂದರೆ ಕೆಲಸದವರನ್ನು ತೆಗೆಯೋಕೆ ಉಪಾಯ ಹೇಳಿಕೊಡೋನು ಅಂದುಕೊಳ್ತೀವಿ. ಅದೂ ಇರುತ್ತೆ, ಇಲ್ಲ ಅಂತಲ್ಲ. ಆದರೆ ಈ ತೀರ್ಪಾದ ಮೇಲೆ ಆ ವಕೀಲ ಮಾಡಲೇಬೇಕಾದ ಇನ್ನೊಂದು ಕೆಲಸ ಇದೆ. ಸಿಟ್ಟಿನಲ್ಲಿ 'ಇವತ್ತೇ ಅವನನ್ನು ಹೊರಗೆ ಹಾಕ್ತೀನಿ' ಅಂತ ಹೊರಟ ಪ್ರಿನ್ಸಿಪಾಲರ ಕೈ ಹಿಡಿದು ನಿಲ್ಲಿಸೋದು. ಆರೋಪ ಏನು, ಬರೆದು ಕೊಟ್ಟಿದ್ದೀರಾ? ಅವನು ಏನಂದ? ನೀವು ಕೇಳೋಕೆ ಮುಂಚೆಯೇ ತೀರ್ಮಾನ ಮಾಡಿಬಿಟ್ಟಿದ್ದೀರಾ? ಮಂಡಳಿಯಿಂದ ಫೀಸು ತಗೊಂಡವನೇ ಎದುರು ಕಡೆಯವನ ಮಾತು ಕೇಳಿ ಅಂತ ಮಂಡಳಿಗೆ ಹೇಳಬೇಕು. ಹೇಳದಿದ್ದರೆ ಅವನು ಒಳ್ಳೇ ವಕೀಲ ಅಲ್ಲ.

ಹಾಗಂತ ಈ ತೀರ್ಪನ್ನು ಅಟ್ಟಕ್ಕೇರಿಸೋದೂ ಬೇಡ. ಸುಪ್ರೀಂ ಕೋರ್ಟು ಲೌಡರ್ಮಿಲ್‌ಗೆ ಕೆಲಸ ವಾಪಸ್ ಕೊಡಿ ಅಂತ ಹೇಳಲಿಲ್ಲ, ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು, ಅಷ್ಟೇ. ಒಂಬತ್ತು ತಿಂಗಳ ವಿಳಂಬ ಅದಷ್ಟಕ್ಕೇ ತಪ್ಪಲ್ಲ ಅಂತಾನೂ ಹೇಳಿತು. 1978ರಲ್ಲಿ ಶಿಕಾಗೋದ ವಿದ್ಯಾರ್ಥಿಗಳ ಒಂದು ಕೇಸಿನಲ್ಲಿ ಇದೇ ಕೋರ್ಟು, ಸರಿಯಾಗಿ ಕೇಳಿದ್ದರೂ ಶಿಕ್ಷೆ ಅದೇ ಆಗ್ತಿತ್ತು ಅಂತಾದರೆ ಮತ್ತು ಕೇಳದೇ ಇದ್ದದ್ದರಿಂದಲೇ ಬೇರೆ ನಷ್ಟ ಆಗಿದೆ ಅಂತ ತೋರಿಸದಿದ್ದರೆ ಪರಿಹಾರ ಒಂದು ಡಾಲರ್ ಮಾತ್ರ ಅಂತ ಹೇಳಿತ್ತು. 1997ರಲ್ಲಿ ಪೆನ್ಸಿಲ್ವೇನಿಯಾದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಪೊಲೀಸಿನವನನ್ನು ಕ್ರಿಮಿನಲ್ ಆರೋಪ ಬಂತು ಅಂತ ಕೇಳದೆ, ಸಂಬಳ ಇಲ್ಲದೆ ಅಮಾನತು ಮಾಡಿದ್ದನ್ನು, ಅಮಾನತಿಗೆ ಮೊದಲು ಕೇಳಲೇಬೇಕಿಲ್ಲ ಅಂತ ಒಪ್ಪಿಕೊಂಡಿತು. ಹಕ್ಕು ದೊಡ್ಡದು, ಅದರ ಬೆಲೆ ಒಂದೊಂದು ಸಲ ಒಂದೇ ಡಾಲರ್!

ನಮ್ಮ ದೇಶದಲ್ಲಿ ಸರ್ಕಾರಿ ನೌಕರರಿಗೆ ಈ ಮಾತು ಸಂವಿಧಾನದಲ್ಲೇ ಇದೆ. 311ನೇ ವಿಧಿ: ಆರೋಪ ತಿಳಿಸಿ, ಹೇಳಿಕೊಳ್ಳೋಕೆ ಅವಕಾಶ ಕೊಟ್ಟು, ವಿಚಾರಣೆ ಮಾಡದೆ ವಜಾ ಮಾಡುವಂತಿಲ್ಲ. ನಮ್ಮ ಸರ್ಕಾರಿ ಶಾಲೆ ಮೇಷ್ಟ್ರುಗಳಿಗೆ ಬರೋ ಕಾರಣ ಕೇಳುವ ನೋಟಿಸ್, ಇಲಾಖಾ ವಿಚಾರಣೆಗಳ ಹಿಂದೆ ಇರೋದು ಇದೇ ತತ್ವ. ಆದರೆ ಅದರಲ್ಲೇ ಕೆಲವು ವಿನಾಯಿತಿಗಳೂ ಇವೆ, ವಿಚಾರಣೆ ನಡೆಸೋದು ಕಾರ್ಯಸಾಧ್ಯ ಅಲ್ಲ ಅಂತ ಅಧಿಕಾರಿ ಬರೆದಿಟ್ಟರೆ ನಡೆಸಬೇಕಾಗಿಲ್ಲ. ಆ ವಿನಾಯಿತಿಗಳನ್ನು ಬಳಸಿ ವಿಚಾರಣೆ ಇಲ್ಲದೆ ತೆಗೆದಿದ್ದನ್ನು ನಮ್ಮ ಸುಪ್ರೀಂ ಕೋರ್ಟು ತುಳಸಿರಾಮ್ ಪಟೇಲ್ ಕೇಸಿನಲ್ಲಿ ಎತ್ತಿ ಹಿಡಿದಿದ್ದು 1985ರ ಜುಲೈನಲ್ಲಿ. ಅಲ್ಲಿ ಲೌಡರ್ಮಿಲ್ ತೀರ್ಪು ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ.

ಇನ್ನು ನಾವು

ಈ ಕಥೆಯಲ್ಲಿ ನಮ್ಮಂಥವರು ಎಲ್ಲಿ ಬರ್ತೀವಿ? ಎಲ್ಲೂ ಬರಲ್ಲ! ಅಮೆರಿಕದ ಸಂವಿಧಾನ ಕಟ್ಟಿಹಾಕೋದು ಸರ್ಕಾರವನ್ನು, ಖಾಸಗಿ ಕಂಪನಿಯನ್ನಲ್ಲ. ಅಲ್ಲಿ ಖಾಸಗಿ ನೌಕರರನ್ನು ಸಕಾರಣ ಇಲ್ಲದೆ ತೆಗೆಯಬಾರದು ಅಂತ ಸಾಮಾನ್ಯ ಕಾನೂನು ಮಾಡಿರೋ ರಾಜ್ಯ ಮೊಂಟಾನಾ ಒಂದೇ, ಅದೂ 1987ರಲ್ಲಿ. ಎಚ್-1ಬಿ ಮೇಲೆ ಹೋದ ನಮ್ಮ ಹುಡುಗರ ಪಾಡು ಇನ್ನೂ ಬಿಗಿ. ಕೆಲಸ ಹೋದರೆ, 2017ರ ಜನವರಿಯಲ್ಲಿ ಬಂದ ನಿಯಮದಂತೆ ಹೆಚ್ಚೆಂದರೆ 60 ದಿನ, ಅಷ್ಟರೊಳಗೆ ಇನ್ನೊಂದು ಕೆಲಸ ಸಿಗಬೇಕು, ಇಲ್ಲಾಂದ್ರೆ ಗಂಟುಮೂಟೆ.

ಬೆಂಗಳೂರಿನಲ್ಲಿ? 1946ರ ಸ್ಥಾಯಿ ಆದೇಶಗಳ ಕಾಯ್ದೆ ಅಂತ ಒಂದಿತ್ತು. ದುರ್ನಡತೆ ಅಂತ ಕೆಲಸಗಾರನನ್ನು ತೆಗೆಯೋ ಮೊದಲು ಆರೋಪವನ್ನು ಬರೆದು ಕೊಡಬೇಕು, ವಿವರಣೆ ಕೊಡೋಕೆ ಅವಕಾಶ ಕೊಡಬೇಕು ಅಂತ ಅದರ ಮಾದರಿ ನಿಯಮಗಳಲ್ಲಿತ್ತು. ಲೌಡರ್ಮಿಲ್‌ಗೆ ಬೇಕಿದ್ದದ್ದೂ ಇದೇ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಡ್ತಾ ಬಂತು. 2014ರಲ್ಲಿ ಐದು ವರ್ಷಕ್ಕೆ, 2019ರಲ್ಲಿ ಐದು ವರ್ಷಕ್ಕೆ, 2024ರಲ್ಲಿ ಮತ್ತೆ. ದೂರು ಕೇಳೋ ಸಮಿತಿ ಇರಬೇಕು, ಶಿಸ್ತು ಕ್ರಮ ತಗೊಂಡರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅನ್ನೋ ಷರತ್ತುಗಳಂತೂ ಇದ್ದವು. 2025ರ ನವೆಂಬರ್ 21ರಿಂದ ಆ ಹಳೇ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ.

ನಾನು ಮೊದಲು ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ಪಕ್ಕದ ಸೀಟಿನ ಹುಡುಗನ ಕಾರ್ಡು ಒಂದು ಸೋಮವಾರ ಗೇಟಿನಲ್ಲಿ ಕೆಂಪು ದೀಪ ತೋರಿಸಿತು. ಕಾರ್ಡು ಕೆಟ್ಟಿದೆ ಅಂದುಕೊಂಡು ಅವನು ಮೂರು ಸಲ ಉಜ್ಜಿದ. ಕೆಲಸ ಹೋಗಿದ್ದು ಅವನಿಗಿಂತ ಮೊದಲು ಗೇಟಿಗೆ ಗೊತ್ತಿತ್ತು. ಅವನು ತಪ್ಪು ಮಾಡಿದ್ದನೋ ಇಲ್ಲವೋ, ನಾನು ಅದರ ಬಗ್ಗೆ ಮಾತಾಡ್ತಿಲ್ಲ. ಅವನ ಹತ್ತಿರ ಒಂದು ಉತ್ತರ ಇದ್ದಿರಬಹುದು, ಅದನ್ನು ಕೇಳೋಕೆ ಹತ್ತು ನಿಮಿಷ ಸಾಕಿತ್ತು.

ಮೂರು ವಾಕ್ಯದಲ್ಲಿ ಮುಗಿಯೋ ನಿಯಮ ಇದು. ಏನು ಆರೋಪ, ಏನು ಆಧಾರ, ನೀನೇನಂತೀಯ. ಇಷ್ಟನ್ನು ಹೇಳಿಸೋಕೆ ಅಲ್ಲಿ 1877ರ ಪುಸ್ತಕದಿಂದ 1985ರ ತೀರ್ಪಿನ ತನಕ ನೂರೆಂಟು ವರ್ಷ ಹಿಡಿಯಿತು. ನಿಮ್ಮಲ್ಲಿ ಎಷ್ಟೋ ಜನ ಈಗ ಟೀಮ್ ಲೀಡುಗಳು, ಮ್ಯಾನೇಜರುಗಳು. ಯಾರನ್ನೋ ಪ್ರಾಜೆಕ್ಟಿನಿಂದ, ಕೆಲಸದಿಂದ ತೆಗೆಯೋ ಪಟ್ಟಿ ನಿಮ್ಮ ಕೈಗೂ ಬರುತ್ತೆ. ನಮ್ಮನ್ನು ಕೇಳಿ ಅಂತ ಕಾನೂನು ಹೇಳಲಿ ಬಿಡಲಿ, ಕೇಳಬೇಡಿ ಅಂತಂತೂ ಯಾವ ಕಾನೂನೂ ಹೇಳಿಲ್ಲ.